ಚುಕ್ಕೆ ನೋಡಿ ತಳಿ ಹೇಳಬೇಡಿ

ಕುದುರೆ ಮಾತು ಶುರುವಾದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಚುಕ್ಕೆ ಇರೋ ಪೋನಿಗೂ ಚುಕ್ಕೆ ಇರೋ ಕುದುರೆಗೂ ಏನು ವ್ಯತ್ಯಾಸ? ಪೋನಿ ಅಂದ್ರೆ ಅಪಲೂಸಾ ಮರಿ ತಾನೇ?"

ಅಲ್ಲ. ಅಪಲೂಸಾ ಅನ್ನುವುದು ಚುಕ್ಕೆಗೆ ಹೆಸರಾದ ಅಮೆರಿಕದ ಒಂದು ಕುದುರೆ ತಳಿ. ಪೋನಿ ಬೆಳೆದು ಕುದುರೆ ಆಗುವುದಿಲ್ಲ. ಪೂರ್ತಿ ಬೆಳೆದ ಮೇಲೂ ಅದು ಗಿಡ್ಡವೇ. ಕುದುರೆಯ ಎತ್ತರವನ್ನು ನೆಲದಿಂದ ಹೆಗಲಿನವರೆಗೆ ಹ್ಯಾಂಡ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಹ್ಯಾಂಡ್ ಅಂದರೆ 4 ಇಂಚು. ಸಾಮಾನ್ಯವಾಗಿ 14 ಹ್ಯಾಂಡ್ 2 ಇಂಚು, ಅಂದರೆ 58 ಇಂಚು ದಾಟದಿದ್ದರೆ ಪೋನಿ. ಆದರೆ ಬರೀ ಟೇಪು ಹಿಡಿದರೆ ಸಾಲದು. ಪೋನಿಯ ಕಾಲು ಮೈಗಿಂತ ಗಿಡ್ಡ, ಮೂಳೆ ದಪ್ಪ, ಕತ್ತಿನ ಕೂದಲು ಒತ್ತು. ಐಸ್‌ಲ್ಯಾಂಡಿನ ಕುದುರೆ ಪೋನಿಯಷ್ಟೇ ಎತ್ತರ ಇದ್ದರೂ ಅದನ್ನು ಎಲ್ಲರೂ ಕುದುರೆ ಅಂತಲೇ ಕರೆಯುತ್ತಾರೆ.

ಚುಕ್ಕೆ ಮಾತ್ರ ಎಲ್ಲ ತಳಿಯಲ್ಲೂ ಒಂದೇ ಮೂಲದ್ದು. ಎಲ್‌ಪಿ (ಲೆಪರ್ಡ್ ಕಾಂಪ್ಲೆಕ್ಸ್) ಅನ್ನುವ ಒಂದೇ ಜೀನ್ ಬದಲಾವಣೆಯಿಂದ ಅದು ಬರುತ್ತದೆ. ಇದು ತುಂಬಾ ಹಳೆಯದು. ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯ ಗೋಡೆಯಲ್ಲಿ ಸುಮಾರು 25,000 ವರ್ಷ ಹಿಂದೆ ಬರೆದ ಚುಕ್ಕೆ ಕುದುರೆಗಳಿವೆ. ಅದು ಬರೀ ಕಲ್ಪನೆ ಇರಬೇಕು ಅನ್ನುವವರಿದ್ದರು. 2011ರಲ್ಲಿ ಹಳೆಯ ಮೂಳೆಗಳ ಡಿಎನ್‌ಎ ಪರೀಕ್ಷಿಸಿದಾಗ, ಆ ಕಾಲದ ಕಾಡು ಕುದುರೆಗಳಲ್ಲೂ ಇದೇ ಜೀನ್ ಸಿಕ್ಕಿತು. ಬರೆದವರು ಕಣ್ಣಾರೆ ಕಂಡಿರಬಹುದು ಅನ್ನುವುದೇ ನನಗೆ ರೋಮಾಂಚನ.

ತಳಿ ಅನ್ನುವುದು ಮೈಕಟ್ಟು, ವಂಶ, ನೋಂದಣಿಯ ವಿಷಯ. ಅಪಲೂಸಾ ಅಮೆರಿಕದ ನೆಜ್ ಪರ್ಸ್ ಅನ್ನುವ ಮೂಲನಿವಾಸಿ ಜನ ಸಾಕಿ ಬೆಳೆಸಿದ ಕುದುರೆ. 1877ರಲ್ಲಿ ಅಮೆರಿಕದ ಸೇನೆಯೆದುರು ಯುದ್ಧದಲ್ಲಿ ಸೋತ ಆ ಜನ ಕುದುರೆಗಳನ್ನೂ ಕಳೆದುಕೊಂಡರು. ಉಳಿದವನ್ನು ಕಾಪಾಡಲು 1938ರಲ್ಲಿ ಕ್ಲಬ್ ಹುಟ್ಟಿತು. ಅಪಲೂಸಾ ಮನೆತನದಲ್ಲಿ ಹುಟ್ಟಿಯೂ ಒಂದು ಚುಕ್ಕೆ ಇಲ್ಲದ ಕುದುರೆಗಳೂ ಇವೆ. ಡೆನ್ಮಾರ್ಕಿನ ಕ್ನಾಬ್‌ಸ್ಟ್ರಪ್ಪರ್ ಕಥೆ ಬೇರೆ. 1812ರ ಸುಮಾರಿಗೆ ಒಂದು ಎಸ್ಟೇಟಿಗೆ ಬಂದ ಚುಕ್ಕೆಯ ಹೆಣ್ಣು ಕುದುರೆಯಿಂದ ಆ ವಂಶ ಶುರುವಾಯಿತು.

ಪೋನಿಗಳಲ್ಲಿ ಪೋನಿ ಆಫ್ ದಿ ಅಮೆರಿಕಾಸ್ ಅನ್ನುವುದು 1954ರಲ್ಲಿ ಅಯೋವಾದಲ್ಲಿ ಶುರುವಾದ ತಳಿ. ಶೆಟ್‌ಲ್ಯಾಂಡ್ ಗಂಡಿಗೂ ಅಪಲೂಸಾ ರಕ್ತದ ಹೆಣ್ಣಿಗೂ ಹುಟ್ಟಿದ ಮರಿಯೊಂದರ ಮೈಮೇಲೆ ಅಂಗೈ ಅಚ್ಚೊತ್ತಿದಂಥ ಕಪ್ಪು ಗುರುತಿತ್ತು. ಅದಕ್ಕೆ ಬ್ಲ್ಯಾಕ್ ಹ್ಯಾಂಡ್ ಅಂತ ಹೆಸರಿಟ್ಟರು. ಮಕ್ಕಳು ಸವಾರಿ ಮಾಡಲಿ ಅಂತಲೇ ಬೆಳೆಸಿದ ತಳಿ ಇದು, ಎತ್ತರ 46ರಿಂದ 56 ಇಂಚು. ಬ್ರಿಟಿಷ್ ಸ್ಪಾಟೆಡ್ ಪೋನಿ ಇನ್ನೊಂದು. ಅಲ್ಲಿ 1976ರಲ್ಲಿ ಎತ್ತರ ನೋಡಿಯೇ ಪೋನಿಗಳನ್ನೂ ದೊಡ್ಡ ಕುದುರೆಗಳನ್ನೂ ಬೇರೆ ಬೇರೆ ಸಂಘಗಳಿಗೆ ಹಂಚಿದರು.

ಇನ್ನು ದೂರದಿಂದ ನೋಡುವುದನ್ನು ಬಿಟ್ಟು ಹತ್ತಿರ ಹೋಗಿ. ಎಲ್‌ಪಿ ಇರುವ ಕುದುರೆಯ ಮೂತಿಯ ಮೇಲೆ ಗುಲಾಬಿ, ಕಪ್ಪು ಕಲೆಗಳು ಬೆರೆತಿರುತ್ತವೆ. ಗೊರಸಿನಲ್ಲಿ ಮೇಲಿಂದ ಕೆಳಕ್ಕೆ ಪಟ್ಟೆ. ಕಣ್ಣಿನ ಸುತ್ತ ನಮ್ಮ ಕಣ್ಣಿನ ಹಾಗೆ ಬಿಳಿ ಕಾಣುತ್ತದೆ. ಮೈಮೇಲೆ ಚುಕ್ಕೆ ಎದ್ದು ಕಾಣದಿದ್ದರೂ ಈ ಮೂರು ಇದ್ದರೆ ಎಲ್‌ಪಿ ಇದೆ ಅಂತ ಹೇಳಬಹುದು. ಪೋನಿಯಾದರೂ ಅಷ್ಟೇ, ಕುದುರೆಯಾದರೂ ಅಷ್ಟೇ.

ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಎಲ್‌ಪಿ ಬಂದರೆ ಚುಕ್ಕೆ ಜಾಸ್ತಿ ಆಗಬೇಕು ಅನಿಸುತ್ತದೆ, ಅಲ್ವಾ? ಆಗುವುದು ಉಲ್ಟಾ. ಚುಕ್ಕೆಗಳು ಕಡಿಮೆಯಾಗಿ, ಕೆಲವೊಮ್ಮೆ ಮೈಯೆಲ್ಲ ಬಿಳಿಯಾಗಿಬಿಡುತ್ತದೆ. ಚುಕ್ಕೆಯೇ ಕಾಣದ ಆ ಕುದುರೆ ತನ್ನ ಪ್ರತಿ ಮರಿಗೂ ಚುಕ್ಕೆಯ ಜೀನ್ ಕೊಡುತ್ತದೆ. ಆದರೆ ಅದಕ್ಕೆ ಹುಟ್ಟಿನಿಂದಲೇ ಇರುಳುಗುರುಡು. ಹಗಲಲ್ಲಿ ಚೆನ್ನಾಗಿ ಕಾಣುತ್ತದೆ, ಕತ್ತಲಾದರೆ ಇಲ್ಲ. ಕಾರಣ ಅದೇ ಜೀನ್: ಬಣ್ಣಕ್ಕೂ ಕಣ್ಣಿನ ಪರದೆಗೂ ಅದು ಬೇಕು, ಎರಡೂ ಪ್ರತಿ ಬದಲಾಗಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಇದನ್ನು ತಿಳಿಯದವರು "ಸಂಜೆ ಆದ್ರೆ ಹಠ ಮಾಡುತ್ತೆ" ಅಂತ ಗದರುತ್ತಾರೆ. ಆಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಅದಕ್ಕೇ ಚುಕ್ಕೆ ಕುದುರೆ ಕೊಳ್ಳುವ ಮೊದಲು ಎಲ್‌ಪಿ ಪರೀಕ್ಷೆ ಮಾಡಿಸಿ. ಸ್ವಲ್ಪ ಕೂದಲು ಕಿತ್ತು ಕಳಿಸಿದರೆ ಸಾಕು. ಎರಡು ಎಲ್‌ಪಿ ಇದ್ದರೂ ಬೇಡ ಅನ್ನಬೇಕಿಲ್ಲ. ಕತ್ತಲಲ್ಲಿ ಸವಾರಿ ಮಾಡಬೇಡಿ, ರಾತ್ರಿ ಹೊರಗೆ ಬಿಡಬೇಡಿ, ಹತ್ತಿರ ಹೋಗುವಾಗ ದೂರದಿಂದಲೇ ಹೆಸರು ಹಿಡಿದು ಕರೆಯಿರಿ.