ತೊಳೆದು ಹಾಕಿದ ನಂಬರ್

ಮಾವ ತೀರಿಕೊಂಡ ಮೇಲೆ ಅವರ ಕಲ್ಲುಗಳ ಡಬ್ಬ ನನ್ನ ಪಾಲಿಗೆ ಬಂತು. ಅದರಲ್ಲಿ ಹೆಬ್ಬೆರಳು ಗಾತ್ರದ, ಬಣ್ಣವಿಲ್ಲದ ಒಂದು ಹರಳು. ತಳದಲ್ಲಿ ಬಿಳಿ ಪೇಂಟಿನ ಚುಕ್ಕೆ, ಅದರ ಮೇಲೆ ಕಪ್ಪು ಇಂಕಿನಲ್ಲಿ ಏನೋ ನಂಬರ್. ಸೋಪು, ಹಳೇ ಟೂತ್‌ಬ್ರಷ್ ಹಿಡಿದು ಚೆನ್ನಾಗಿ ಉಜ್ಜಿದೆ. ಫಳಫಳ ಅಂತು. ಚುಕ್ಕೆಯೂ ಹೋಯ್ತು, ಗಲೀಜು ಹೋಯ್ತು ಅಂತ ಖುಷಿಪಟ್ಟೆ.

ಸ್ಫಟಿಕ ಅಂದುಕೊಂಡು ಎತ್ತಿಡುವವನಿದ್ದೆ. ಆದರೆ ಸ್ಫಟಿಕದ ಉದ್ದ ಮುಖಗಳ ಮೇಲೆ ಸಾಮಾನ್ಯವಾಗಿ ಸಣ್ಣ ಅಡ್ಡಗೆರೆಗಳಿರುತ್ತವೆ, ಇದರಲ್ಲಿ ಒಂದೂ ಕಾಣಲಿಲ್ಲ. ಸುಮ್ನೆ ತೂಗಿ ನೋಡೋಣ ಅನಿಸಿತು. 38.6 ಗ್ರಾಂ. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಹರಳನ್ನು ದಾರಕ್ಕೆ ಕಟ್ಟಿ, ಲೋಟದ ತಳ, ಅಂಚು ಯಾವುದೂ ತಾಗದ ಹಾಗೆ ಉಸಿರು ಬಿಗಿಹಿಡಿದು ಮುಳುಗಿಸಿದೆ. 13.0 ತೋರಿಸಿತು, ಅಂದರೆ ಹರಳು ಸರಿಸಿದ ನೀರಿನ ತೂಕ. ಭಾಗಿಸಿದರೆ ಸಾಂದ್ರತೆ 2.97. ಸ್ಫಟಿಕದ್ದು 2.65! ಹರಳು ಪೂರ್ತಿ ಮುಳುಗಿರಲಿಕ್ಕಿಲ್ಲ ಅಂತ ಮೂರು ಸಲ ಮಾಡಿದೆ, ಅದೇ ಬಂತು.

ಡಬ್ಬದಲ್ಲಿದ್ದ ಮಾಮೂಲಿ ಸ್ಫಟಿಕದ ಮೇಲೆ ಇದರ ಮುರಿದ ತಳದ ಮೂಲೆಯಿಂದ ಗೀಚಿದೆ. ಬಿಳಿ ಗೆರೆ ಮೂಡಿತು. ಬೆರಳಲ್ಲಿ ಒರೆಸಿದರೂ ಹೋಗಲಿಲ್ಲ, ಉಗುರಿಗೆ ತಾಗುವಷ್ಟು ಗೀರು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಸ್ಫಟಿಕ 7, ಅಂದರೆ ಇದು 7ಕ್ಕಿಂತ ಗಟ್ಟಿ. ಇಷ್ಟಾದರೂ ಡ್ಯಾನ್‌ಬ್ಯುರೈಟ್ ಅನ್ನೋ ಇನ್ನೊಂದು ಹರಳು ಆಗಿರಬಹುದು, ಅದರ ಸಾಂದ್ರತೆಯೂ ಹೆಚ್ಚುಕಮ್ಮಿ ಇಷ್ಟೇ. ಹರಳುಗಳ ಬಗ್ಗೆ ಗೊತ್ತಿರುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಹರಳಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಅಂತ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 1.654, 1.670 ಅಂತ ಎರಡು ಅಂಕಿ ಓದಿ ನಕ್ಕರು. ಫೆನಾಕೈಟ್! ಗ್ರೀಕ್‌ನಲ್ಲಿ 'ಮೋಸಗಾರ' ಅನ್ನೋ ಮಾತಿನಿಂದ ಬಂದ ಹೆಸರು, ಸ್ಫಟಿಕ ಅಂತ ಎಲ್ಲರನ್ನೂ ನಂಬಿಸುತ್ತಿತ್ತಲ್ಲ, ಅದಕ್ಕೆ.

ಬೆಲೆ ಎಷ್ಟಾಗಬಹುದು ಅಂದೆ. ಅವರು ಲೂಪ್ ಅನ್ನೋ ಪುಟ್ಟ ಭೂತಗನ್ನಡಿ ಹಿಡಿದು ತುದಿ ನೋಡಿದರು, ಚೂರೂ ಒಡೆದಿಲ್ಲ. ಅಂಟು ಹಾಕಿದ ಗುರುತಿಲ್ಲ. 'ಯಾವ ಗಣಿಯದು? ಲೇಬಲ್ ಎಲ್ಲಿ?' ಅಂದರು. ತೊಳೆದೆ ಅಂದೆ. ಒಂದು ನಿಮಿಷ ಮಾತಾಡಲಿಲ್ಲ. 'ಊರು ಗೊತ್ತಿಲ್ಲದ ಹರಳನ್ನು ಸಂಗ್ರಾಹಕರು ಜಾಸ್ತಿ ಕೊಟ್ಟು ಕೊಳ್ಳೋದಿಲ್ಲಪ್ಪ' ಅಂತ ಲೂಪ್ ಮಡಚಿಟ್ಟರು.

ಮನೆಗೆ ಬಂದು ಡಬ್ಬ ಬೋರಲು ಹಾಕಿದೆ. ಅಡಿಯಲ್ಲಿ ಮಾವನ ಪಟ್ಟಿ ಸಿಕ್ಕಿತು, ನಂಬರ್ ಪ್ರಕಾರ ಗಣಿಗಳ ಹೆಸರು. ಫೆನಾಕೈಟ್ ಅಂತ ಎಲ್ಲೂ ಇಲ್ಲ, ಅವರೂ ಮೋಸಹೋಗಿದ್ದರು ಅಲ್ವಾ! 'ಸ್ಫಟಿಕ' ಅಂತ ಎರಡು ಕಡೆ ಇದೆ, 17 ಮತ್ತು 47. ಗೀಚಿದ ಆ ಮಾಮೂಲಿ ಸ್ಫಟಿಕದ ಮೇಲೆ ನಂಬರೇ ಇಲ್ಲ. ನಾನು ಉಜ್ಜಿದ್ದರ ಕೊನೆಯ ಅಂಕಿ ಮಾತ್ರ ನೆನಪಿದೆ. 7.