ಕೋಡ್ ಸರಿ ಇತ್ತು, ಸಿಲ್ವರ್ ಕೂಡಲಿಲ್ಲ

ಕಾರಿನ ಸ್ಟಿಕ್ಕರ್ ಮೇಲಿನ ಬಣ್ಣದ ಕೋಡ್ ಕಂಪ್ಯೂಟರಿಗೆ ಹೊಡಿ, ಫಾರ್ಮುಲಾ ನೋಡಿ ತೂಕ ಮಾಡು, ಡಬ್ಬಿ ಕೊಡು. ಪೇಂಟ್ ಮಿಕ್ಸಿಂಗ್ ಅಂದರೆ ಇಷ್ಟೇ ಅಂತ ನಮ್ಮ ಮಾಲೀಕರ ನಂಬಿಕೆ. ಬಿಳಿ ಗಾಡಿಗೆ ಒಂದೊಂದು ಸಲ ನಡೆದುಹೋಗುತ್ತೆ. ಸಿಲ್ವರ್ ಬಂತೋ, ಹುಬ್ಬಳ್ಳಿ ಗೋಕುಲ್ ರೋಡಿನ ಪೇಂಟರ್‌ಗಳೆಲ್ಲ ನನ್ನ ಕೌಂಟರ್ ಮುಂದೆ ಜಗಳಕ್ಕೆ ನಿಲ್ಲುತ್ತಾರೆ.

ಈ ಸಲ ಬಂದವರು ಪೇಂಟರ್ ಅಲ್ಲ, ಧಾರವಾಡ ಸಪ್ತಾಪುರದ ರಿಟೈರ್ಡ್ ಮಾಸ್ತರು. ಗೇಟಿಗೆ ತಾಗಿ ಫೆಂಡರ್, ಅಂದರೆ ಮುಂದಿನ ಚಕ್ರದ ಮೇಲಿನ ತಗಡು, ತರಚಿತ್ತು. ಪುಟ್ಟಿ, ಪ್ರೈಮರ್, ವಾಟರ್ ಪೇಪರ್ ಎಲ್ಲ ಮನೆಯಲ್ಲೇ ಮುಗಿಸಿದ್ದರು. ಬಣ್ಣ ಕೂಡಿಸಿ ನೋಡಲು ಪೆಟ್ರೋಲ್ ಮುಚ್ಚಳ ಬಿಚ್ಚಿಕೊಂಡು ಬಂದಿದ್ದರು. ಕಡ್ಡಿಗೆ ಹಸಿ ಪೇಂಟ್ ಹಚ್ಚಿ, ಟ್ಯೂಬ್‌ಲೈಟ್ ಕೆಳಗೆ ಮುಚ್ಚಳದ ಪಕ್ಕ ಹಿಡಿದೆ. "ಕೂಡ್ತ್ರೀ ಸರ್, ತಗೊಂಡ್ ಹೋಗ್ರಿ" ಅಂದೆ.

ಭಾನುವಾರ ಫೋನು. "ತಮ್ಮಾ, ಒಂಚೂರು ಬಂದು ನೋಡಿ ಹೋಗ್ತೀಯೇನ?"

ಪೋರ್ಚಿನ ನೆರಳಲ್ಲಿ ಗಾಡಿ ಚೆನ್ನಾಗೇ ಕಾಣುತ್ತಿತ್ತು. "ಚಲೋ ಬಂದೈತಲ್ರೀ ಸರ್" ಅಂತ ಹೇಳಿಯೂ ಬಿಟ್ಟೆ. ಮಾಸ್ತರು ಮಾತಾಡಲಿಲ್ಲ. ಕೀಲಿ ಹಾಕಿ, ಗಾಡಿ ರಿವರ್ಸ್ ತೆಗೆದು ಬಿಸಿಲಿಗೆ ನಿಲ್ಲಿಸಿದರು. ಎದುರಿಂದ ನೋಡಿದರೆ ಫೆಂಡರ್ ಬೂದಿ ಬಣ್ಣ. ಬದಿಗೆ ಸರಿದು ನೋಡಿದರೆ ಅದೇ ಫೆಂಡರ್ ಬಾಗಿಲಿಗಿಂತ ಬೆಳ್ಳಗೆ. ಅಮ್ಮಾವ್ರು ಚಹಾ ತಂದವರು, "ಬ್ಯಾರೆ ಗಾಡೀದು ತಂದು ಜೋಡಿಸಿದಂಗ ಕಾಣ್ತದ" ಅಂದರು. ಮಾಸ್ತರು ನನ್ನನ್ನೇ ನೋಡಿ, "ಡಬ್ಬಿ ತಪ್ಪೋ, ಕೈ ತಪ್ಪೋ?"

ಚಹಾ ಗಂಟಲಲ್ಲಿ ಇಳಿಯಲಿಲ್ಲ. ಡಬ್ಬಿ ಅಂದರೆ ಅಂಗಡಿ ಹೆಸರು ಕೆಡುತ್ತೆ, ಕೈ ಅಂದರೆ ಹಿರಿಯರ ಮರ್ಯಾದೆ. ಸುಮ್ನೆ ಡಬ್ಬಿ ತೆರೆದು ತಳಕ್ಕೆ ಕಡ್ಡಿ ಹಾಕಿದೆ. ದಪ್ಪ ಬೆಳ್ಳಿ ಕೆಸರು ಮೇಲೆ ಬಂತು. ಸಿಲ್ವರ್‌ನಂಥ ಮೆಟಾಲಿಕ್ ಬಣ್ಣದಲ್ಲಿ ಹೊಳೆಯುವುದು ಚಕ್ಕೆಯಂಥ ಅಲ್ಯುಮಿನಿಯಂ ಪುಡಿ. ಅದು ತಳಕ್ಕೆ ಕೂತುಬಿಡುತ್ತೆ, ಅಲುಗಾಡಿಸಿದರೆ ಏಳಲ್ಲ, ಕಲಕಬೇಕು. ಅರ್ಧ ಪುಡಿ ಡಬ್ಬಿಯಲ್ಲೇ ಉಳಿದಿತ್ತು. ಸಾಲದ್ದಕ್ಕೆ ಮಾಸ್ತರು ಸ್ಪ್ರೇ ಗನ್ ಹತ್ತಿರ ಹಿಡಿದು ಹಸಿಹಸಿಯಾಗಿ ಹೊಡೆದಿದ್ದರು. ಕೋಟ್ ಹಸಿಯಾದಷ್ಟೂ ಪುಡಿ ಒಳಗೆ ಮುಳುಗಿ ಅಡ್ಡಾದಿಡ್ಡಿ ನಿಲ್ಲುತ್ತೆ, ಎದುರಿಂದ ಕಪ್ಪಾಗುತ್ತೆ. ಒಣಒಣ ಹೊಡೆದರೆ ಪುಡಿ ಮೇಲೆ ಚಪ್ಪಟೆ ಮಲಗಿ ಬೆಳ್ಳಗಾಗುತ್ತೆ. ಒಂದೇ ಡಬ್ಬಿಯಿಂದ ಎರಡು ಶೇಡ್ ಬರುವುದು ಹೀಗೆ. ಇದೆಲ್ಲ ಕೌಂಟರಿನಲ್ಲೇ ಹೇಳಬೇಕಿತ್ತು, ಅಲ್ವಾ?

ಅಲ್ಲೇ ರಟ್ಟಿನ ಮೇಲೆ ಹೊಡೆದು ನೋಡಿದೆವು. ತೆಳುವಾಗಿ ಬೇಸ್, ಅಂದರೆ ಬಣ್ಣದ ಕೋಟ್, ಮಂಕಾಗುವವರೆಗೆ ಕಾದು ಇನ್ನೊಂದು, ಕೊನೆಗೆ ದೂರದಿಂದ ಮಂಜಿನಂತೆ ಒಂದು. ಅರ್ಧ ರಟ್ಟಿಗೆ ಕ್ಲಿಯರ್, ಅಂದರೆ ಮೇಲಿನ ಬಣ್ಣವಿಲ್ಲದ ಹೊಳಪಿನ ಕೋಟ್, ಹೊಡೆದಾಗಲೇ ನಿಜವಾದ ಬಣ್ಣ ಕಂಡಿದ್ದು. ಬಾಗಿಲಿಗೂ ರಬ್ಬಿಂಗ್ ಕಾಂಪೌಂಡ್ (ಪಾಲಿಶ್ ಪೇಸ್ಟ್) ಹಾಕಿ ತಿಕ್ಕಿದರೆ, ವರ್ಷಗಳ ಮಂಕು ಹೋಗಿ ಅದರ ಶೇಡೇ ಬದಲಾಯಿತು! ಆಮೇಲೆ ಎರಡನ್ನೂ ಬಿಸಿಲಲ್ಲಿ, ಎದುರಿಂದ ಮತ್ತು ಬದಿಯಿಂದ ನೋಡಿದೆವು. ಆಗಲೂ ಒಂದು ಕೂದಲೆಳೆ ವ್ಯತ್ಯಾಸ ಉಳಿಯಿತು. ಅದಕ್ಕೆ ಬ್ಲೆಂಡ್ ಒಂದೇ ದಾರಿ. ಬೇಸ್ ಅನ್ನು ಬಾಗಿಲಿನ ಅಂಚಿನ ಮೇಲೆ ತೇಲಿಸಿ, ಕ್ಲಿಯರ್ ಮಾತ್ರ ಪೂರ್ತಿ ಬಾಗಿಲಿಗೆ. ಬಂಪರ್ ಕಡೆ ನಾನು ತಲೆ ಹಾಕಲಿಲ್ಲ. ಪ್ಲಾಸ್ಟಿಕ್ ಬಂಪರ್ ಕಂಪನಿಯಿಂದಲೇ ಎಷ್ಟೋ ಸಲ ಒಂಚೂರು ಬೇರೆ ಇರುತ್ತೆ.

ಬ್ರಷ್ ಇರುವ ಟಚಪ್ ಬಾಟಲಿಯಲ್ಲೇ ಮುಗಿಸಬಹುದಿತ್ತಾ ಅಂತ ಮಾಸ್ತರು ಕೇಳಿದರು. ಕಲ್ಲು ಸಿಡಿದ ಚುಕ್ಕೆಗೆ ಸರಿ. ಅಂಗೈಯಗಲ ಬಳಿದರೆ ಸಿಲ್ವರ್ ಕಲೆಯಾಗಿಯೇ ಕಾಣುತ್ತೆ. ಮತ್ತೆ ಕ್ಲಿಯರ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಇದೆಯಲ್ಲ, ಅದಕ್ಕೆ ಮೂಗಿಗೆ ಕಟ್ಟಿದ ಕರ್ಚೀಫ್ ಸಾಲದು, ಆವಿ ಸೋಸುವ ಪೇಂಟರ್ ಮಾಸ್ಕೇ ಬೇಕು. ಮಾಸ್ತರು ಟವೆಲ್ ಕಟ್ಟಿಕೊಂಡಿದ್ದರು!

ಸೋಮವಾರ ಮಾಲೀಕರಿಗೆ ಹೇಳಿದೆ: ಹಗಲು ಬೆಳಕಿನಂಥ ಒಂದು ಲ್ಯಾಂಪ್ ತರಿಸಿ, ಸಿಲ್ವರ್ ಡಬ್ಬಿ ಜೊತೆ ಅದೇ ಬಣ್ಣ, ಕ್ಲಿಯರ್ ಹೊಡೆದ ಸ್ಯಾಂಪಲ್ ಕಾರ್ಡ್ ಕೊಡೋಣ ಅಂತ. "ಅಲ್ಲಿತನ ಗಿರಾಕಿ ಕಾಯ್ತಾನೇನು?" ಅಂದರು. ಬ್ಲೆಂಡಿಗೆ ಕೊಟ್ಟ ಕ್ಲಿಯರ್ ಬಿಲ್ ಯಾರ ತಲೆಗೆ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಪಗಾರದ ದಿನ ಗೊತ್ತಾಗುತ್ತೆ.