ಮನೆಯಲ್ಲಿ ತಿಂದ ಏಟು, ಕೆಲಸದ ಜಾಗದಲ್ಲಿ ಬೈಗುಳ

ಶಿವಮೊಗ್ಗದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತವಳ ಎಡಗೈ ಊದಿಕೊಂಡಿದ್ದರೆ ಬಟ್ಟೆ ಹಿಡಿದು ಸರಿಸುವುದು ಹೇಗೆ? ಟಾರ್ಗೆಟ್ ಮುಟ್ಟುವುದಿಲ್ಲ, ಸೂಪರ್‌ವೈಸರ್ ಎಲ್ಲರೆದುರು ಬೈಯುತ್ತಾರೆ, ಅವಳು ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನುತ್ತಾಳೆ. ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವವರದ್ದೂ ಇದೇ ಕಥೆ. ಸುಲಿದ ಲೆಕ್ಕಕ್ಕೆ ಕೂಲಿ, ಕೈ ನೋಯುತ್ತಿದ್ದರೆ ಕೂಲಿಯೂ ಕಮ್ಮಿ.

ಇದು ಎಲ್ಲೋ ಒಂದೆರಡು ಮನೆಯ ವಿಷಯ ಅಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಸುಮಾರು ಶೇ. 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದರು. ಇವರಲ್ಲಿ ಎಷ್ಟೋ ಜನ ನಮ್ಮ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಾರೆ, ಅಲ್ವಾ?

ಮಾಲೀಕರು ಪಂಚಾಯ್ತಿ ಮಾಡಲು ಹೋಗಬಾರದು. ಗಂಡನನ್ನು ಕರೆಸಿ 'ಹೊಂದಿಕೊಂಡು ಹೋಗಿ' ಅಂದರೆ ಆ ರಾತ್ರಿ ಅವಳಿಗೇ ಏಟು ಜಾಸ್ತಿ. ಒಬ್ಬಳನ್ನೇ ಕರೆದು ಕೇಳಿ, ಅವಳು ಹೇಳಿದಷ್ಟು ಕೇಳಿಸಿಕೊಳ್ಳಿ. ಸಂಬಳ ಅವಳ ಸ್ವಂತ ಖಾತೆಗೇ ಹೋಗಲಿ. ಶಿಫ್ಟ್ ಯಾವುದು, ಎಷ್ಟೊತ್ತಿಗೆ ಬಿಡುತ್ತಾರೆ ಅಂತ ಯಾರೇ ಫೋನ್ ಮಾಡಿದರೂ ಹೇಳಬೇಡಿ. ಕೋರ್ಟಿಗೆ ಹೋಗುವ ದಿನ ರಜೆ ಕೊಡಿ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ತುಂಬ ಜನರಿಗೆ ಗೊತ್ತಿಲ್ಲದ ಒಂದು ಮಾತಿದೆ: ಅವಳು ಕೆಲಸ ಮಾಡುವ ಜಾಗಕ್ಕೆ ಅವನು ಕಾಲಿಡಬಾರದು ಅಂತಲೂ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಅಂಥ ಆದೇಶ ಬಂದರೆ ಅವಳನ್ನು ಕೇಳಿಕೊಂಡು ಗೇಟಿನ ಸೆಕ್ಯುರಿಟಿಗೂ ತಿಳಿಸಿಡಿ. ಹೆಂಗಸರ ಟಾಯ್ಲೆಟ್ ಬಾಗಿಲ ಒಳಗಡೆ 181 ಸಹಾಯವಾಣಿ ನಂಬರ್ ಅಂಟಿಸಿ. ನೋಟಿಸ್ ಬೋರ್ಡ್ ಮುಂದೆ ನಿಂತು ಅದನ್ನು ಬರೆದುಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.